ಫುಟ್‌ಪಾತ್ ಮ್ಯಾಲ ಸೈಕಲ್ ಓಡಿಸಬಹುದೇನ್ರೀ? ಕಲಬುರಗಿಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮ ಮನಿ ಶಹಾಬಜಾರ್ ಕಡಿ ಅದ. ಮಗ ಒಂಬತ್ತನೇ ಕ್ಲಾಸ್, ಹದಿನಾಲ್ಕು ವರ್ಷ. ದಿನಾ ಸಂಜೀಕ ಸೂಪರ್ ಮಾರ್ಕೆಟ್ ದಾಟಿ ಜಗತ್ ಸರ್ಕಲ್ ಕಡಿ ಟ್ಯೂಷನ್‌ಗೆ ಸೈಕಲ್ ಮ್ಯಾಲ ಹೋಗ್ತಾನ. ಆಟೋ, ಟಂಟಂ, ಬಸ್ಸಿಗೆ ಅಂಜಿ ಫುಟ್‌ಪಾತ್ ಹತ್ತಸ್ತಾನ. ಮೊನ್ನಿ ಒಬ್ಬ ವಯಸ್ಸಾದ ಆಯಿಗೆ ಹ್ಯಾಂಡಲ್ ತಾಗಿ ಅವ್ರು ಬಿದ್ರು. ಮುಂಗೈ ಬಾತದ. ಮಂದಿ ಕೂಡಿ ಹುಡುಗಗ ಬೈದಾರ. ಇವ, 'ಬೆಲ್ ಹೊಡದೀನಿ, ಅವ್ರೇ ಅಡ್ಡ ಬಂದ್ರು' ಅಂತಾನ. ನಮ್ಮ ಮಾವನೋರು ದಿನಾ ಮುಂಜಾನಿ ಅಪ್ಪನ ಕೆರಿ ಕಡಿ ವಾಕಿಂಗ್ ಹೋಗೋರು, 'ಮೊದಲ ಆ ಸೈಕಲ್ ಮಾರ್ರಿ' ಅಂತ ಹಟ ಹಿಡದಾರ. ಬಾಜೂ ಮನಿಯವರು, 'ಸೈಕಲ್‌ಗೆ ಕಾನೂನೇ ಇಲ್ಲ, ಚಿಂತಿ ಬ್ಯಾಡ' ಅಂತಾರ. ನಮ್ಮನಿಯವರು ಬ್ಯಾಟರಿ ಕಿಟ್ ಹಾಕಿಸಿದ್ರ ಗಾಡಿಗಳ ಸಮ ರೋಡಿನ್ಯಾಗೇ ಹೋಗ್ತಾನ ಅಂತಾರ. ಖರೇ ಯಾವುದು, ಏನ್ ಮಾಡ್ಬೇಕು ತಿಳೀವಲ್ದು.

ಉತ್ತರ:

ಮೊದಲು ಆ ಆಯಿಯ ಮುಂಗೈ. ನಿಮ್ಮ ಉಳಿದ ಪ್ರಶ್ನೆಗಳು ನಾಲ್ಕು ದಿನ ಕಾದರೂ ನಡೆದೀತು, ಇದು ಕಾಯುವುದಿಲ್ಲ. ವಯಸ್ಸಾದ ಹೆಂಗಸರು ಬೀಳುವಾಗ ಕೈ ಊರಿದರೆ ಮಣಿಕಟ್ಟಿನ ಪಕ್ಕದ ಮೂಳೆ ಮುರಿಯುವುದು ತೀರಾ ಸಾಮಾನ್ಯ. ಮುಟ್ಟು ನಿಂತ ಮೇಲೆ ಮೂಳೆ ಸವೆದು ತೆಳುವಾಗಿರುತ್ತದೆ, ಸಣ್ಣ ಪೆಟ್ಟೂ ಸಾಕಾಗುತ್ತದೆ. 'ಬೆರಳು ಆಡ್ತಾವ, ಮುರದಿಲ್ಲ ಬಿಡು' ಎನ್ನುವ ಲೆಕ್ಕ ತಪ್ಪು. ಮೂಳೆ ಬಿರುಕು ಬಿಟ್ಟಿದ್ದರೂ ಬೆರಳು ಆಡುತ್ತವೆ. ಬಾವು ಬಂದಿದೆ ಎಂದರೆ ಎಕ್ಸ್‌ರೇ ಆಗಲೇಬೇಕು; ಜಿಮ್ಸ್ ಆಸ್ಪತ್ರೆಯಾಗಲಿ, ಅವರಿಗೆ ಪರಿಚಯದ ಮೂಳೆ ಡಾಕ್ಟರಾಗಲಿ, ಎಲ್ಲಿಯಾದರೂ ಸರಿ. ಬಳೆ, ಉಂಗುರ ಇನ್ನೂ ಕೈಯಲ್ಲೇ ಇದ್ದರೆ ಈಗಲೇ ತೆಗೆಸಿ. ಬಾವು ಹೆಚ್ಚಾದರೆ ಅವೇ ಬಿಗಿದು ರಕ್ತ ಓಡದಂತೆ ಮಾಡುತ್ತವೆ. ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆದು ಕೂಡಿಸುವುದು ಬೇಡ. ಬಿದ್ದಾಗ ತಲೆಗೂ ತಾಗಿತ್ತೇ, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ತಲೆಗೆ ತಾಗಿದ್ದರೆ, ಅದರಲ್ಲೂ ಆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಅವರು ಚೆನ್ನಾಗಿಯೇ ಇದ್ದೀನಿ ಎಂದರೂ ಡಾಕ್ಟರಿಗೆ ತೋರಿಸಬೇಕು. ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಬೈಸಿಕೊಳ್ಳಲಿಕ್ಕಲ್ಲ, ತನ್ನಿಂದ ಏನಾಯಿತು ಎಂಬುದನ್ನು ಅವನು ಕಣ್ಣಾರೆ ನೋಡಬೇಕು, ಔಷಧದ ಖರ್ಚು ನೀವು ಕೊಡುತ್ತೀರಿ ಎಂಬುದು ಅವರಿಗೆ ಗೊತ್ತಾಗಬೇಕು.

ಇನ್ನು ನಿಮ್ಮ ಚಿಂತೆ. ನಿಮ್ಮ ಮನೆಯಲ್ಲೇ ಎರಡೂ ಪಕ್ಷ ಇವೆ: ಗಾಡಿಗಳಿಗೆ ಅಂಜಿ ಫುಟ್‌ಪಾತ್ ಹತ್ತುವ ಹುಡುಗ, ಸೈಕಲ್‌ಗೆ ಅಂಜಿ ನಡೆಯುವ ಅಜ್ಜ. ಇಬ್ಬರ ಅಂಜಿಕೆಯೂ ಖರೇ. ಆದರೆ ಹುಡುಗನ ಅಂಜಿಕೆಯ ಭಾರವನ್ನು ಆ ಆಯಿ ಹೊರಬೇಕಾಗಿ ಬಂತು. ಆಗಬಾರದ್ದು ಅದು, ಅದನ್ನು ತಪ್ಪಿಸಲು ದಾರಿ ಇದೆ.

ಬಾಜೂ ಮನೆಯವರ ಮಾತಿನಿಂದ ಶುರು ಮಾಡೋಣ. ಸೈಕಲ್ ಮೋಟಾರು ವಾಹನ ಅಲ್ಲ. ಲೈಸನ್ಸ್, ನೋಂದಣಿ, ಇನ್ಶೂರೆನ್ಸ್ ಬೇಕಿಲ್ಲ. ಅಷ್ಟು ಮಾತ್ರ ನಿಜ. ಕಾನೂನೇ ಇಲ್ಲ ಎನ್ನುವುದು ಸುಳ್ಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ನಡೆಸುವವರಿಗೂ ಸವಾರಿ ಮಾಡುವವರಿಗೂ ಅನ್ವಯಿಸುತ್ತದೆ: ಆರು ತಿಂಗಳವರೆಗೆ ಸೆರೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿರ್ಲಕ್ಷ್ಯದಿಂದ ಗಾಯವಾದರೆ 125ನೇ ಕಲಂ ಇದೆ. ಮೂಳೆ ಮುರಿದರೆ ಕಾನೂನು ಅದನ್ನು ತೀವ್ರ ಗಾಯ ಎಂದೇ ಎಣಿಸುತ್ತದೆ, ಆಗ ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ನಿಮ್ಮ ಮಗನಿಗೆ ಹದಿನೆಂಟು ತುಂಬಿಲ್ಲವಾದ್ದರಿಂದ ಇಂಥದ್ದೇನಾದರೂ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆಯೇ ಹೊರತು ದೊಡ್ಡವರ ಕೋರ್ಟಿಗಲ್ಲ, ಜೈಲಿನ ಮಾತೂ ಇಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಇನ್ಶೂರೆನ್ಸ್ ಇಲ್ಲ ಎಂಬುದನ್ನು ಜನ ಅನುಕೂಲ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದರ ಅರ್ಥ, ಬಿದ್ದವರ ಆಸ್ಪತ್ರೆ ಖರ್ಚು ಕೊಡಲು ಸವಾರನ ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ ಎಂದು.

ಫುಟ್‌ಪಾತ್ ಬಗ್ಗೆ: 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಮೋಟಾರು ಗಾಡಿಗಳನ್ನು ಫುಟ್‌ಪಾತ್ ಮೇಲೆ, ಸೈಕಲ್ ಪಥದ ಮೇಲೆ ಓಡಿಸುವಂತಿಲ್ಲ ಎನ್ನುತ್ತದೆ. ಅದು ಮೋಟಾರು ಗಾಡಿಯವರಿಗೆ ಬರೆದದ್ದು, ನಮಗಲ್ಲ ಎಂದು ಸೈಕಲ್‌ನವರು ವಾದ ಮಾಡಬಹುದು. ಮಾಡಬಾರದು. ಫುಟ್‌ಪಾತ್ ಕಟ್ಟಿರುವುದು ನಡೆಯುವವರಿಗೆ. ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಕಾನೂನು ಪಕ್ಕಕ್ಕಿಟ್ಟು ಬರೀ ಅಳತೆ ಹಾಕಿದರೂ ಉತ್ತರ ಅದೇ ಬರುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಫುಟ್‌ಪಾತ್‌ನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ನಮ್ಮಲ್ಲಿ ಅಷ್ಟಿದೆ ಎಂದೇ ಇಟ್ಟುಕೊಳ್ಳಿ. ಕೈಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು ನಡೆಯುವ ಒಬ್ಬರಿಗೆ ಮುಕ್ಕಾಲು ಮೀಟರ್ ಬೇಕು. ಉಳಿದದ್ದು ಒಂದು ಮೀಟರ್ ಚಿಲ್ಲರೆ. ಇವತ್ತಿನ ಹುಡುಗರ ದಪ್ಪ ಟೈರಿನ ಸೈಕಲ್‌ಗಳ ಹ್ಯಾಂಡಲ್ ಅಗಲವೇ 60 ಸೆಂಟಿಮೀಟರ್ ಮೇಲೆ. ಸಾವಕಾಶ ಓಡಿಸುವಾಗ ಸೈಕಲ್ ನೆಟ್ಟಗೆ ಹೋಗುವುದಿಲ್ಲ, ಆಚೀಚೆ ಓಲಾಡುತ್ತದೆ. ಆ ಓಲಾಟ ಸೇರಿಸಿದರೆ ಅದಕ್ಕೇ ಒಂದು ಮೀಟರ್ ಬೇಕು. ಇಬ್ಬರ ನಡುವೆ ಉಳಿಯುವುದು ನಾಲ್ಕು ಬೆರಳು. ಸೀರೆಯ ಸೆರಗು, ದುಪಟ್ಟಾ, ಚೀಲದ ಹಿಡಿಕೆ ಸಿಕ್ಕಿಕೊಳ್ಳಲು ಅಷ್ಟು ಸಾಕು. ಸುರಕ್ಷಿತವಾಗಿ ಹಾಯಲು ಬೇಕಾದ ಅಂತರ ಕನಿಷ್ಠ ಒಂದು ಮೀಟರ್, ಚಾಚಿದ ತೋಳಿಗಿಂತ ತುಸು ಹೆಚ್ಚು. ಅದು ಫುಟ್‌ಪಾತ್ ಮೇಲೆ ಎಲ್ಲಿಂದಲೂ ಹುಟ್ಟುವುದಿಲ್ಲ. ಅದರ ಮೇಲೆ ಅಂಗಡಿಯ ಡಬ್ಬಿಗಳು, ನಿಂತ ಬೈಕುಗಳು, ತಳ್ಳುಬಂಡಿ, ಟ್ರಾನ್ಸ್‌ಫಾರ್ಮರ್ ಕಟ್ಟೆ.

ಫುಟ್‌ಪಾತ್ ಹುಡುಗನಿಗಾದರೂ ಸುರಕ್ಷಿತವೇ? ಅದೂ ಅಲ್ಲ. ಅಂಗಡಿ ಮೆಟ್ಟಿಲು ಇಳಿಯುವವರು, ಗೇಟಿನಿಂದ ಹೊರಬರುವ ಬೈಕು, ಅಡ್ಡ ಓಣಿಗೆ ತಿರುಗುವ ಆಟೋ, ಯಾರೂ ಫುಟ್‌ಪಾತ್ ಮೇಲೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಏನೋ ಬರುತ್ತದೆ ಎಂದು ಎಣಿಸಿರುವುದಿಲ್ಲ. ಫುಟ್‌ಪಾತ್ ಮುಗಿದಲ್ಲಿ ಸೈಕಲ್ ದಿಢೀರನೆ ರಸ್ತೆಗೆ ಬೀಳುತ್ತದೆ. ರಸ್ತೆಯ ಅಂಚಿನಲ್ಲೇ ಬರುತ್ತಿದ್ದರೆ ಹಿಂದಿನ ಡ್ರೈವರ್ ಅವನನ್ನು ದೂರದಿಂದಲೇ ನೋಡಿರುತ್ತಿದ್ದ.

ಮಗನ ಮಾತು, 'ಬೆಲ್ ಹೊಡದೀನಿ.' ಹೊಡೆದಿರುತ್ತಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಎಷ್ಟು ದೂರದಿಂದ ಹೊಡೆದ ಎಂಬುದು ಪ್ರಶ್ನೆ. ಸೈಕಲ್ ಗಂಟೆಗೆ 15 ಕಿಲೋಮೀಟರ್, ನಡೆಯುವವರು 4 ಕಿಲೋಮೀಟರ್ ಎಂದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ ಮೂರು ಮೀಟರ್‌ನಂತೆ ಕರಗುತ್ತದೆ. ಮೂರು ಮೀಟರ್ ಹತ್ತಿರ ಬಂದು ಬೆಲ್ ಹೊಡೆದರೆ ಮುಂದಿನವರಿಗೆ ಸಿಗುವುದು ಒಂದೇ ಸೆಕೆಂಡ್. ಎಪ್ಪತ್ತು ವರ್ಷದವರಿಗೆ ಆ ಒಂದು ಸೆಕೆಂಡಿನಲ್ಲಿ ಕುತ್ತಿಗೆ ಹೊರಳಿಸಲೂ ಆಗುವುದಿಲ್ಲ. ಗಾಬರಿ ಬಿದ್ದು ಯಾವ ಕಡೆಗೋ ಒಂದು ಹೆಜ್ಜೆ ಹಾಕುತ್ತಾರೆ, ಅದು ಸೈಕಲ್ ಬರುವ ಕಡೆಗೇ ಇರಬಹುದು. 'ಅವ್ರೇ ಅಡ್ಡ ಬಂದ್ರು' ಎಂದು ಸವಾರನಿಗೆ ಕಾಣುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ. ಎಷ್ಟೋ ಸಲ ಸೈಕಲ್ ತಾಗಿರುವುದೇ ಇಲ್ಲ, ಬೆಚ್ಚಿಬಿದ್ದು ಕಾಲು ತೊಡರಿ ಬಿದ್ದು ಸೊಂಟದ ಹತ್ತಿರದ ಮೂಳೆ ಮುರಿದುಕೊಂಡಿರುತ್ತಾರೆ. ವಯಸ್ಸಾದವರ ಕಿವಿಯೂ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನೇ. ಹುಡುಗರ ಸೈಕಲ್‌ಗೆ ಬರುವ ಪುಟ್ಟ 'ಟಿಂಗ್' ಬೆಲ್ ಅವರಿಗೆ ಕೇಳಿಸದೇ ಹೋಗಬಹುದು. ಹಳೆಯ ದೊಡ್ಡ ಸೈಕಲ್‌ಗೆ ಹಾಕುತ್ತಿದ್ದ ಅಗಲ ಬಟ್ಟಲಿನ ಟ್ರಿಣ್ ಟ್ರಿಣ್ ಬೆಲ್ಲೇ ಮೇಲು. ಸೈಕಲ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಹಾಕಿಸಿ.

ಬೆಲ್ ಹೊಡೆಯಬೇಕಾದದ್ದು ಸುಮಾರು 15 ಮೀಟರ್ ಹಿಂದಿನಿಂದ, ಅಂದರೆ ಎಂಟು ಸೈಕಲ್ ಸಾಲಾಗಿ ನಿಲ್ಲಿಸಿದಷ್ಟು ದೂರ. ಒಂದು ಸಲ ಹೊಡೆದು, ಪೆಡಲ್ ನಿಲ್ಲಿಸಿ, ಅವರು ಕೇಳಿಸಿಕೊಂಡರೇ ನೋಡಬೇಕು. ತಲೆ ತಿರುಗಿಸಿದರೆ ಕೇಳಿದೆ ಎಂದರ್ಥ. ತಿರುಗದಿದ್ದರೆ ಮತ್ತೆ ಮತ್ತೆ ಹೊಡೆಯುವುದಲ್ಲ, ನಡಿಗೆಯ ವೇಗಕ್ಕೆ ಇಳಿದು ಬಾಯಿಬಿಟ್ಟು ಹೇಳಬೇಕು. ಏನು ಹೇಳಬೇಕೆಂಬುದೂ ಮುಖ್ಯ. 'ಬಲಕ್ಕ ಬರ್ತೀನಿ' ಎಂದರೆ ಎಷ್ಟೋ ಮಂದಿ ಬಲಕ್ಕೇ ಸರಿಯುತ್ತಾರೆ. 'ಸರೀರಿ ಸರೀರಿ' ಎಂದರೆ ಯಾವ ಕಡೆ ಎಂದು ತಿಳಿಯದೆ ಅಲ್ಲೇ ತಡಬಡಿಸುತ್ತಾರೆ. 'ಹಂಗೇ ನಡೀರಿ ಕಾಕಾ, ಸೈಕಲ್ ಬರ್ಲಿಕತ್ತದ' ಎನ್ನುವುದು ಎಲ್ಲಕ್ಕಿಂತ ಒಳ್ಳೆಯದು. ಅವರು ಏನೂ ಮಾಡಬೇಕಿಲ್ಲ, ಇದ್ದ ಗೆರೆಯಲ್ಲೇ ನಡೆದರೆ ಸಾಕು. ಸುತ್ತಿ ಹೋಗುವ ಕೆಲಸ ಸೈಕಲ್‌ನವನದು. ಜಾಗ ಸಾಲದಿದ್ದರೆ ಹಿಂದೆಯೇ ಸಾವಕಾಶ ಬರಬೇಕು, ಇಲ್ಲವೇ ಇಳಿಯಬೇಕು.

ಇಷ್ಟಕ್ಕೂ ಬೆಲ್ಲಿಗಿಂತ ದೊಡ್ಡದು ವೇಗ. ಒಣ ಡಾಂಬರು, ಎರಡೂ ಬ್ರೇಕ್ ಚೆನ್ನಾಗಿವೆ, ಅಪಾಯ ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದು ಲೆಕ್ಕ ಹಾಕಿದರೆ, ಗಂಟೆಗೆ 10 ಕಿಲೋಮೀಟರ್‌ನಲ್ಲಿ ಸೈಕಲ್ ನಿಲ್ಲಲು ಸುಮಾರು 4 ಮೀಟರ್ ಸಾಕು. 15ರಲ್ಲಿ ಆರೂವರೆ ಮೀಟರ್. 20ರಲ್ಲಿ ಒಂಬತ್ತೂವರೆ. 25ರಲ್ಲಿ 13. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ನಿಂತ ಟೆಂಪೋ ಮುಂದಿನಿಂದ ಮಗುವೊಂದು ಓಡಿಬಂದರೆ ನಿಮಗೆ ಸಿಗುವ ದೂರ ಐದಾರು ಮೀಟರ್. ಹಾಗಾಗಿ ಜನರ ನಡುವೆ ಹೋಗುವಾಗ 10 ಎಂಬುದು ಮೇಲಿನ ಮಿತಿ.

ಸೈಕಲ್‌ಗೆ ಸ್ಪೀಡ್ ಮೀಟರ್ ಎಲ್ಲಿಂದ ತರುವುದು ಎನ್ನುತ್ತೀರಿ. ಬೇಕಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಹಿಂದಿನ ಗಾಲಿಯನ್ನು ಅದರ ಮೇಲೆ ನಿಲ್ಲಿಸಿ. ಪೆಡಲ್ ಸರಿಯಾಗಿ ಒಂದು ಸುತ್ತು ತಿರುಗುವಷ್ಟು ಸೈಕಲ್ ಮುಂದೆ ತಳ್ಳಿ, ಗಾಲಿ ಎಷ್ಟು ಮೀಟರ್ ಮುಂದೆ ಹೋಯಿತೆಂದು ಟೇಪಿನಲ್ಲಿ ಅಳೆಯಿರಿ. ಗೇರ್ ಇಲ್ಲದ ಸಾಮಾನ್ಯ ಸೈಕಲ್‌ಗಳಲ್ಲಿ ಅದು ಐದು ಮೀಟರ್ ಆಸುಪಾಸು ಇರುತ್ತದೆ. ಅದನ್ನು 1.8ರಿಂದ ಗುಣಿಸಿ. ಎರಡು ಸೆಕೆಂಡಿಗೆ ಒಂದು ಸುತ್ತು ಪೆಡಲ್ ತುಳಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ಐದು ಮೀಟರಿಗೆ ಒಂಬತ್ತು. ಅಂದರೆ ಬಾಯಲ್ಲಿ 'ಒಂದು… ಎರಡು…' ಎಂದು ನಿಧಾನಕ್ಕೆ ಎಣಿಸಿ ಮುಗಿಸುವಷ್ಟರಲ್ಲಿ ಪೆಡಲ್ ಒಂದೇ ಸುತ್ತು ಬರಬೇಕು. ಹುಡುಗರಿಗೆ ಈ ಲೆಕ್ಕ ಇಷ್ಟವಾಗುತ್ತದೆ. 'ಸಾವಕಾಶ ಹೋಗು' ಎಂದು ನೂರು ಸಲ ಹೇಳುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ತಪ್ಪೆಲ್ಲ ಹುಡುಗನದೇ ಎಂದು ಮಾವನವರು ತಿಳಿಯಬಾರದು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರನ್ನು ಕೊಂದದ್ದು ಬಹುಪಾಲು ಮೋಟಾರು ವಾಹನಗಳು. ಫುಟ್‌ಪಾತ್ ತುಂಬಿಹೋಗಿ ನಡೆಯುವವರು ರಸ್ತೆಗೆ ಇಳಿಯುತ್ತಾರೆ. ಆಟೋ, ಕಾರುಗಳು ಒತ್ತಿ ಸೈಕಲ್‌ನವರು ಅಂಚಿಗೆ ಸರಿಯುತ್ತಾರೆ. ಧೂಳು, ಮರಳು, ಒಡೆದ ಡಾಂಬರು ಅಂಚು ಇರುವ ಆ ಒಂದೇ ಮೀಟರ್ ಪಟ್ಟಿಯಲ್ಲಿ, ಮೈಮೇಲೆ ತಗಡಿನ ರಕ್ಷಣೆಯೂ ಇಲ್ಲದ ಈ ಇಬ್ಬರೂ ಒಬ್ಬರಿಗೊಬ್ಬರು ತಾಗುತ್ತಾರೆ. ಜೊತೆಗೆ ನಮ್ಮೂರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ವಾಕಿಂಗ್‌ನವರೂ ಸೈಕಲ್ ಹುಡುಗರೂ ಹೊರಬೀಳುವುದು ಅದೇ ನಸುಕಿನ ಎರಡು ತಾಸು, ಅದೇ ಸಂಜೆಯ ಎರಡು ತಾಸು. ಇದಕ್ಕೆ ಮಹಾನಗರ ಪಾಲಿಕೆಯೇ ಉತ್ತರ ಹೇಳಬೇಕು. ನಿಮ್ಮ ವಾರ್ಡಿನ ಇಂಥ ಅಂಗಡಿಯಿಂದ ಇಂಥ ಮೂಲೆವರೆಗೆ ಫುಟ್‌ಪಾತ್ ತೆರವು ಮಾಡಿ ಎಂದು ಫೋಟೋ ಹಚ್ಚಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 'ಊರಿನ ಫುಟ್‌ಪಾತ್ ಸರಿ ಮಾಡಿ' ಎಂಬ ಅರ್ಜಿಗೆ ಯಾರೂ ಜವಾಬ್ದಾರರಾಗುವುದಿಲ್ಲ.

ಈಗ ನಿಮ್ಮ ಮಗನ ಮುಂದಿರುವ ದಾರಿಗಳು. ನನ್ನ ಮೊದಲ ಸಲಹೆ ಒಳ ಓಣಿಗಳು. ಹತ್ತು ನಿಮಿಷ ಹೆಚ್ಚಾಗಬಹುದು. ಭಾನುವಾರ ಮುಂಜಾನೆ ಯಾರಾದರೂ ದೊಡ್ಡವರು ಅವನ ಜೊತೆ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ; ಶಾಲೆ, ಮಸೀದಿ, ಗುಡಿ, ಹಿಟ್ಟಿನ ಗಿರಣಿ, ಎಲ್ಲೆಲ್ಲಿ ಮಂದಿ ಸೇರುತ್ತಾರೆ ಎಂದು ಗುರುತು ಮಾಡಿಕೊಳ್ಳಿ. ಓಣಿಗಳಿಗೂ ಅಪಾಯ ಇದೆ: ಬಾಗಿಲಿನಿಂದ ನೇರ ಓಣಿಗೆ ಓಡಿಬರುವ ಮಕ್ಕಳು, ಕುರುಡು ತಿರುವು, ಮಲಗಿದ ನಾಯಿ, ಗುರುತು ಹಚ್ಚದ ಹಂಪ್. ಅದಕ್ಕೇ ಅಲ್ಲಿ 10ರ ಮಿತಿ, ಮನೆ ಬಾಗಿಲುಗಳಿಂದ ಒಂದು ಮೀಟರ್ ದೂರ, ತಿರುವಿನಲ್ಲಿ ಪೆಡಲ್ ನಿಲ್ಲಿಸಿ ಬ್ರೇಕ್ ಮೇಲೆ ಬೆರಳು.

ಎರಡನೆಯದು ಮುಖ್ಯ ರಸ್ತೆಯ ಎಡ ಅಂಚು. ತೀರಾ ಗಟಾರಕ್ಕೆ ಅಂಟಿಕೊಂಡಲ್ಲ. ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ, ನೆಟ್ಟನೆಯ ಗೆರೆಯಲ್ಲಿ. ಅಂಚಿಗೆ ಅಂಟಿದರೆ ಮರಳಿನಲ್ಲಿ ಗಾಲಿ ಜಾರುತ್ತದೆ, ನಡೆಯುವವರು ಎದುರಾದಾಗ ಸರಿಯಲು ಜಾಗ ಇರುವುದಿಲ್ಲ. ನಿಂತ ಕಾರಿನ ಪಕ್ಕ ಹಾಯುವಾಗ ಬಾಗಿಲು ತೆರೆದರೂ ತಾಗದಷ್ಟು, ಒಂದು ಮೀಟರ್ ಬಿಡಬೇಕು. ಎಡಕ್ಕೆ ನಿಂತ ಆಟೋ ಅಥವಾ ಸಿಟಿ ಬಸ್ಸಿನ ಎಡ ಸಂದಿಯಲ್ಲಿ ನುಗ್ಗುವುದು ಎಲ್ಲಕ್ಕಿಂತ ಕೆಟ್ಟ ಚಟ. ಜನ ಇಳಿಯುವುದು ಆ ಕಡೆಗೇ. ಅವರು ಇಳಿದು ಮುಗಿಯುವವರೆಗೆ ಹಿಂದೆ ನಿಲ್ಲಬೇಕು. ಸಾಲಾಗಿ ನಿಂತ ಟೆಂಪೋಗಳ ಪಕ್ಕ ಹೋಗುವಾಗ ಅವುಗಳ ಕೆಳಗೆ ಕಣ್ಣಾಡಿಸಲು ಕಲಿಸಿ. ಆಚೆ ಕಡೆ ಚಪ್ಪಲಿ ಕಾಲು ಕಂಡರೆ ಯಾರೋ ದಾಟಲು ನಿಂತಿದ್ದಾರೆ. ದೊಡ್ಡ ಸರ್ಕಲ್‌ನಲ್ಲಿ ಬಲಕ್ಕೆ ತಿರುಗಬೇಕಿದ್ದರೆ ಗಾಡಿಗಳ ನಡುವೆ ನುಗ್ಗುವುದು ಬೇಡ. ಎಡ ಅಂಚಿನಲ್ಲೇ ನೇರ ದಾಟಿ, ಇಳಿದು, ಪಾದಚಾರಿ ದಾಟುವಲ್ಲಿ ಸೈಕಲ್ ತಳ್ಳಿಕೊಂಡು ದಾಟಲಿ.

ಎದುರು ಬರುವ ಗಾಡಿ ಕಾಣುತ್ತದೆ ಎಂದು ಬಲ ಅಂಚಿನಲ್ಲಿ, ಅಂದರೆ ಎದುರು ದಿಕ್ಕಿನಲ್ಲಿ ಹೋಗುವ ಹುಡುಗರೂ ಇದ್ದಾರೆ. ಲೆಕ್ಕ ಹಾಕಿ: 40ರಲ್ಲಿ ಬರುವ ಬೈಕಿಗೆ 15ರಲ್ಲಿ ಹೋಗುವ ಸೈಕಲ್ ಎದುರಾದರೆ ಇಬ್ಬರೂ ಸೇರಿ 55; ಒಂದೇ ದಿಕ್ಕಿನಲ್ಲಾದರೆ ವ್ಯತ್ಯಾಸ 25 ಮಾತ್ರ. ಬಲಗಡೆ ನಡೆದು ಬರುವ ಪಾದಚಾರಿಗಳ ಬೆನ್ನ ಹಿಂದಿನಿಂದ ಈ ಹುಡುಗ ಬರುತ್ತಾನೆ, ಅವರಿಗೆ ಕಾಣುವುದೇ ಇಲ್ಲ.

ಮೂರನೆಯದು ಫುಟ್‌ಪಾತ್, ಆದರೆ ಇಳಿದು ತಳ್ಳಿಕೊಂಡು. ಇಳಿದ ಕ್ಷಣ ಅವನೂ ಪಾದಚಾರಿ, ಅಲ್ಲಿ ಅವನಿಗೂ ಪೂರ್ತಿ ಹಕ್ಕು. ಸೂಪರ್ ಮಾರ್ಕೆಟ್ ಭಾಗದ ಗದ್ದಲದ ಎರಡು ಮೂರು ನೂರು ಮೀಟರ್ ತಳ್ಳಲು ಮೂರು ನಾಲ್ಕು ನಿಮಿಷ ಸಾಕು. ಸೈಕಲ್ ಬಲಗಡೆ ಇಟ್ಟುಕೊಂಡು ಅದರ ಎಡಕ್ಕೆ ನಡೆಯಬೇಕು. ಆಗ ಸೈಕಲ್ ರಸ್ತೆಯ ಕಡೆ ಇರುತ್ತದೆ, ಚೈನಿನ ಗ್ರೀಸು ಯಾರ ಸೀರೆಗೂ ತಾಗುವುದಿಲ್ಲ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ದಿನಗಳಲ್ಲಿ ಆ ಸುತ್ತಿನಲ್ಲಿ ಇದೊಂದೇ ದಾರಿ. ಕೆರೆ ದಂಡೆ, ಉದ್ಯಾನದ ವಾಕಿಂಗ್ ಪಥದಲ್ಲೂ ಅಷ್ಟೇ.

ಮಾವನವರು ಹೇಳಿದಂತೆ ಮಾರುವುದು ನಾಲ್ಕನೆಯದು. ಅದಕ್ಕೂ ಬೆಲೆ ಇದೆ. ಟ್ಯೂಷನ್‌ಗೆ ಅವನು ತುಂಬಿದ ಆಟೋದಲ್ಲಿ ಜೋತುಬೀಳುತ್ತಾನೆ, ಇಲ್ಲವೇ ಗೆಳೆಯನ ಸ್ಕೂಟಿ ಹಿಂದೆ ಕೂರುತ್ತಾನೆ. ನಾಲ್ಕು ವರ್ಷದ ನಂತರ ಬೈಕ್ ಹತ್ತಿದಾಗ, ಜನರ ನಡುವೆ ಹೇಗೆ ಹೋಗಬೇಕು ಎಂಬುದನ್ನು 15ರ ವೇಗದಲ್ಲಿ ಕಲಿಯಬೇಕಾದದ್ದನ್ನು 50ರ ವೇಗದಲ್ಲಿ ಕಲಿಯುತ್ತಾನೆ. ನಾನು ಮಾರಿಸುವುದಿಲ್ಲ. ಆದರೆ ಮುಂದೆ ಹೇಳುವ ಪರೀಕ್ಷೆ ಮುಗಿಯುವವರೆಗೆ ಸೈಕಲ್ ಮನೆಯಲ್ಲೇ ಇರಲಿ.

ಎನ್.ವಿ. ಮೈದಾನವೋ, ಮನೆ ಹತ್ತಿರದ ಯಾವುದಾದರೂ ಖಾಲಿ ಜಾಗವೋ ಆದೀತು. ರಂಗೋಲಿ ಪುಡಿಯಿಂದ ಹತ್ತು ಮೀಟರ್ ಉದ್ದದ ಗೆರೆ ಎಳೆಯಿರಿ. ಅದರ ಮೇಲೆ ಕಾಲು ಊರದೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು ಹೋಗಬೇಕು. ಇದು ನಡಿಗೆಗಿಂತ ನಿಧಾನ, ಮೊದಮೊದಲು ಎಲ್ಲರೂ ಬೀಳುತ್ತಾರೆ. ಹಿಂದಿನ ಬ್ರೇಕನ್ನು ತುಸು ಹಿಡಿದು ಪೆಡಲ್ ಒತ್ತುತ್ತಾ ಇದ್ದರೆ ತೂಕ ನಿಲ್ಲುತ್ತದೆ. ಜನರ ಹಿಂದೆ ಸಹನೆಯಿಂದ ಹೋಗಲು ಈ ಕಲೆ ಬೇಕೇ ಬೇಕು; ನಿಧಾನ ಓಡಿಸಲು ಬಾರದ ಹುಡುಗ ಬೀಳುವ ಭಯಕ್ಕೇ ಜೋರಾಗಿ ಹೋಗುತ್ತಾನೆ. ಎರಡನೆಯದು, ಅದೇ ಗೆರೆಯ ಮೇಲೆ ಹೋಗುತ್ತಾ ಬಲ ಭುಜದ ಮೇಲಿಂದ ಹಿಂದೆ ನೋಡಿ ನೀವು ಎಷ್ಟು ಬೆರಳು ತೋರಿಸಿದ್ದೀರಿ ಎಂದು ಹೇಳಬೇಕು, ಗಾಲಿ ಗೆರೆಯಿಂದ ಒಂದು ಗೇಣಿಗಿಂತ ಆಚೆ ಹೋಗಬಾರದು. ಮೂರನೆಯದು, 15ರ ವೇಗದಲ್ಲಿ ಬಂದು ಗುರುತಿನ ಹತ್ತಿರ ಎರಡೂ ಬ್ರೇಕ್ ಹಿಡಿದು ಮೂರು ಮೀಟರ್ ಒಳಗೆ ನಿಲ್ಲಬೇಕು. ಬ್ರೇಕ್ ಹಿಡಿಯುವಾಗ ಸೀಟಿನ ಹಿಂದಕ್ಕೆ ಸರಿದು ಕೈ ನೆಟ್ಟಗೆ ಚಾಚಬೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು ಹಿಂದಿನದನ್ನು ಮಾತ್ರ ಹಿಡಿಯುವವರು ಬಹಳ. ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನದರಲ್ಲೇ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನದು, ನಿಮ್ಮ ಸೈಕಲ್‌ನಲ್ಲಿ ಯಾವುದೆಂದು ನೋಡಿಕೊಳ್ಳಿ.

ಸೈಕಲನ್ನೂ ಒಮ್ಮೆ ಕೂತು ನೋಡಿ. ಬ್ರೇಕ್ ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲ್‌ಗೂ ಅದಕ್ಕೂ ನಡುವೆ ಎರಡು ಬೆರಳು ತೂರಬೇಕು. ಲಿವರ್ ಹ್ಯಾಂಡಲ್‌ಗೇ ತಾಗಿದರೆ ವೈರ್ ಸಡಿಲ ಆಗಿದೆ, ಬಿಗಿ ಮಾಡಿಸಿ. ವೈರಿನ ಒಂದು ಎಳೆ ಬಿಚ್ಚಿಕೊಂಡಿದ್ದರೂ ವೈರ್ ಬದಲಿಸಿ. ಬ್ರೇಕ್ ರಬ್ಬರಿನ ಮೇಲಿನ ಅಡ್ಡ ಗೀರುಗಳು ಸವೆದು ಮಾಯವಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗಲ್ಲ. ಬಿಟ್ಟಾಗ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ಆಮೇಲೆ ಹ್ಯಾಂಡಲಿನ ತುದಿಗಳು. ಇದನ್ನು ಯಾರೂ ನೋಡುವುದಿಲ್ಲ. ಹಿಡಿಕೆಯ ರಬ್ಬರ್ ಹರಿದು ಒಳಗಿನ ಕಬ್ಬಿಣದ ಕೊಳವೆ ಬಾಯಿ ತೆರೆದಿದ್ದರೆ, ತಾಗಿದವರ ಮೈಯಲ್ಲಿ ಅದು ಉಂಗುರದ ಆಕಾರದಲ್ಲಿ ಆಳಕ್ಕೆ ಕೊರೆಯುತ್ತದೆ. ಸವಾರ ಬಿದ್ದರೆ ಅವನ ಹೊಟ್ಟೆಗೂ ಅದೇ ಗತಿ. ಹೊಸ ಹಿಡಿಕೆ ಹಾಕಿಸಿ. ಟ್ಯೂಷನ್ ಚೀಲ ಹ್ಯಾಂಡಲ್‌ಗೆ ತೂಗುಹಾಕುವುದು ಬೇಡ. ಅದು ಓಲಾಡುತ್ತದೆ, ಪಕ್ಕದವರಿಗೆ ಸಿಕ್ಕಿಕೊಳ್ಳುತ್ತದೆ. ಬೆನ್ನಿಗೆ ಹಾಕಲಿ ಅಥವಾ ಕ್ಯಾರಿಯರ್‌ಗೆ ಬಿಗಿಯಲಿ. ಟ್ಯೂಷನ್ ಬಿಡುವಷ್ಟರಲ್ಲಿ ಕತ್ತಲಾಗಿರುತ್ತದೆ: ಮುಂದೆ ಬಿಳಿ ಲೈಟ್, ಹಿಂದೆ ಕೆಂಪು. ಮುಂದಿನ ಲೈಟಿನ ಬೆಳಕು ಐದಾರು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಗ್ಗಿಸಿ. ಮಿಣಮಿಣ ಮಿನುಗುವ ಬೆಳಕು ಎದುರಿನ ವಯಸ್ಸಾದವರ ಕಣ್ಣು ಕುಕ್ಕಿದರೆ ಅವರಿಗೆ ಕಾಲ ಕೆಳಗಿನ ಗುಂಡಿ ಕಾಣುವುದಿಲ್ಲ.

ಮಳೆಗಾಲದ ಮಾತು ಬೇರೆ. ಹೊಳಪು ಸ್ಟೀಲ್ ರಿಮ್ಮಿರುವ ಸೈಕಲ್ ನೀರಿನಲ್ಲಿ ನಿಲ್ಲುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. 20ರ ವೇಗದಲ್ಲಿ ನಿಲ್ಲುವ ದೂರ 15 ಮೀಟರ್ ದಾಟಬಹುದು. ಜನರ ಹತ್ತಿರ ಬರುವ ಮೊದಲೇ ಬ್ರೇಕ್ ಹಗುರವಾಗಿ ಹಿಡಿದು ಗಾಲಿ ನಾಲ್ಕೈದು ಸುತ್ತು ತಿರುಗಲು ಬಿಟ್ಟರೆ ರಿಮ್ಮಿನ ನೀರು ಒರೆಸಿಹೋಗುತ್ತದೆ. ಎರೆ ಮಣ್ಣಿನ ಹೊಸ ಬಡಾವಣೆ ದಾಟಿ ಬಂದರೆ ಬ್ರೇಕಿಗೂ ಮಡ್‌ಗಾರ್ಡಿಗೂ ಮಣ್ಣು ಮೆತ್ತಿ ಗಾಲಿಯೇ ಸಿಕ್ಕಿಕೊಳ್ಳುತ್ತದೆ. ಕಡ್ಡಿಯಿಂದ ಕೆರೆದು ಮುಂದೆ ಹೋಗಬೇಕು. ಅಂಗಡಿ ಮುಂದೆ ಹಾಸಿದ ಶಹಾಬಾದಿ ಫರ್ಸಿ ಒಣಗಿದ್ದಾಗ ಚೆನ್ನ. ಓಡಾಡಿ ನುಣುಪಾದ ಆ ಕಲ್ಲು ಒದ್ದೆಯಾದರೆ ಅದರ ಮೇಲೆ ತಿರುಗುವುದೂ ಬೇಡ, ಮುಂದಿನ ಬ್ರೇಕ್ ಜಗ್ಗುವುದೂ ಬೇಡ. ನೇರ ದಾಟಬೇಕು.

ಮಾವನವರಿಗೆ ಎರಡು ಮಾತು, ಗೌರವದಿಂದ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲ ಅಂಚಿನಲ್ಲಿ ನಡೆಯಿರಿ, ತಮ್ಮ ಎಡ ಹಿಡಿದು ಬರುವ ಗಾಡಿ, ಸೈಕಲ್ ನಿಮಗೆ ಎದುರಾಗಿ ಕಾಣುತ್ತವೆ. ನಸುಕಿನಲ್ಲಿ ತಿಳಿ ಬಣ್ಣದ ಅಂಗಿ ಇರಲಿ. ಬೆಲ್ ಕೇಳಿದರೆ ಹಾರಿ ಸರಿಯಬೇಡಿ, ನಡೆಯುತ್ತಿದ್ದ ಗೆರೆಯಲ್ಲೇ ನಡೆಯಿರಿ. ತಪ್ಪಿಸಿಕೊಂಡು ಹೋಗುವ ಹೊಣೆ ಸೈಕಲ್‌ನವನದು. ಮೈದಾನದ ಆ ಪರೀಕ್ಷೆಗೆ ಅವರೇ ಬಂದು ನಿಂತರೆ, ಮೊಮ್ಮಗ ಹೊರಡಲು ಯೋಗ್ಯನೋ ಅಲ್ಲವೋ ಎಂದು ಅವರೇ ತೀರ್ಮಾನಿಸಬಹುದು.

ಬ್ಯಾಟರಿ ಕಿಟ್ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್ ಶಕ್ತಿ 250 ವ್ಯಾಟ್‌ಗಿಂತ, ಗರಿಷ್ಠ ವೇಗ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದು, ಬ್ರೇಕ್, ರಿಫ್ಲೆಕ್ಟರ್‌ಗಳಂಥ ಉಳಿದ ಷರತ್ತುಗಳೂ ಪೂರೈಸಿದರೆ ಮಾತ್ರ ಅದು ಮೋಟಾರು ವಾಹನವಲ್ಲ. ಅಂಗಡಿಯಲ್ಲಿ ಸಿಗುವ 350, 500 ವ್ಯಾಟ್ ಕಿಟ್ ಹಾಕಿಸಿದ ದಿನವೇ ಅದು ಮೋಟಾರು ವಾಹನ: ನೋಂದಣಿ, ಲೈಸನ್ಸ್, ಇನ್ಶೂರೆನ್ಸ್ ಎಲ್ಲ ಬೇಕು. ಅಪ್ರಾಪ್ತ ಹುಡುಗ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯಿದೆಯ 199ಎ ಕಲಂ ಪ್ರಕಾರ ಹೊಣೆ ತಂದೆ ತಾಯಿಯದು: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. 250 ವ್ಯಾಟ್ ಒಳಗಿನದ್ದೇ ಆದರೂ, ಸಾಮಾನ್ಯ ಸೈಕಲ್‌ನ ಫ್ರೇಮು, ಬ್ರೇಕು ಮಾಡಿರುವುದು ಕಾಲಿನಿಂದ ತುಳಿಯುವ ವೇಗಕ್ಕೆ. ಅದರ ಮೇಲೆ ಬ್ಯಾಟರಿಯ ಐದಾರು ಕಿಲೋ ಹೇರಿ, ತುಳಿಯದೆಯೇ 25ರಲ್ಲಿ ಓಡುವಂತೆ ಮಾಡಿದರೆ ನಿಲ್ಲಲು 13 ಮೀಟರ್ ಬೇಕು ಎಂಬ ಲೆಕ್ಕ ಮೇಲೆಯೇ ಇದೆ. ಆ ದುಡ್ಡಿನಲ್ಲಿ ಹೊಸ ಬ್ರೇಕ್ ರಬ್ಬರ್, ದೊಡ್ಡ ಬೆಲ್, ಎರಡು ಲೈಟ್, ಗದ್ದದ ಪಟ್ಟಿ ಸರಿಯಾಗಿ ಬಿಗಿಯುವ ಒಂದು ಹೆಲ್ಮೆಟ್ ಕೊಡಿಸಿ.